ರಿಫರ್ಬಿಶ್ಡ್ ಕ್ಯಾಮೆರಾನೋ, ಹೊಸದೋ: ಬೆಲೆಗಿಂತ ಮೊದಲು ನೋಡಬೇಕಾದ್ದು

ಪ್ರಶ್ನೆ: ಇಷ್ಟು ವರ್ಷ ಫೋನಿನಲ್ಲೇ ಫೋಟೊ ತೆಗೆಯುತ್ತಿದ್ದೆ. ಈಗ ಮೊದಲ ಬಾರಿಗೆ ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ ಕೊಳ್ಳಬೇಕೆಂದಿದ್ದೇನೆ. ಮಕ್ಕಳ ಫೋಟೊ, ಮನೆಯೊಳಗಿನ ಸಮಾರಂಭಗಳು, ಬಿಡುವಾದಾಗ ಹಕ್ಕಿಗಳು, ನನಗೆ ಬೇಕಿರುವುದು ಇಷ್ಟೇ. ನನ್ನ ಕೈಲಿರುವ ಹಣಕ್ಕೆ ಆರಂಭಿಕ ಹಂತದ ಒಂದು ಹೊಸ ಕ್ಯಾಮೆರಾ ಕಿಟ್ ಲೆನ್ಸ್ (ಬಾಡಿಯ ಜೊತೆಗೇ ಕೊಡುವ ಸಾಧಾರಣ ಜೂಮ್ ಲೆನ್ಸ್) ಸಮೇತ ಬರುತ್ತದೆ. ಅಷ್ಟೇ ಹಣಕ್ಕೆ ಕೆಲವು ವರ್ಷ ಹಿಂದಿನ, ಮೇಲಿನ ದರ್ಜೆಯ ರಿಫರ್ಬಿಶ್ಡ್ (ವಾಪಸು ಬಂದದ್ದನ್ನು ಪರೀಕ್ಷಿಸಿ, ಸರಿಪಡಿಸಿ ಮತ್ತೆ ಮಾರುವ) ಬಾಡಿಯೂ, ಅಂದರೆ ಲೆನ್ಸ್ ಇಲ್ಲದ ಬರೀ ಕ್ಯಾಮೆರಾವೂ ಸಿಗುತ್ತಿದೆ. ಯಾವುದನ್ನು ತೆಗೆದುಕೊಳ್ಳಲಿ? ಶಟರ್ ಕೌಂಟ್ (ಕ್ಯಾಮೆರಾದ ಶಟರ್ ಈವರೆಗೆ ಎಷ್ಟು ಸಲ ಬಡಿದಿದೆ ಎನ್ನುವ ಲೆಕ್ಕ) ಎಷ್ಟಿದ್ದರೆ ಧೈರ್ಯವಾಗಿ ಕೊಳ್ಳಬಹುದು? ಮೋಸ ಹೋಗುವ ಭಯವೂ ಇದೆ.

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಒಂದು ಅಸಮಾನ ತೂಕವಿದೆ, ಮೊದಲು ಅದನ್ನು ಸರಿಪಡಿಸೋಣ. ಒಂದು ಕಡೆ ನೀವಿಟ್ಟಿರುವುದು ಲೆನ್ಸ್ ಸಮೇತ ಬರುವ ಕ್ಯಾಮೆರಾ, ಇನ್ನೊಂದು ಕಡೆ ಬರೀ ಬಾಡಿ. ಬಾಡಿಯೊಂದನ್ನೇ ತಂದರೆ ಮೊದಲ ದಿನವೇ ಲೆನ್ಸ್‌ಗೆ ಮತ್ತೆ ಹಣ ಹುಡುಕಬೇಕು. ಆಗ ಕೈಗೆ ಸಿಕ್ಕಿದ ಅಗ್ಗದ ಲೆನ್ಸ್ ಹಾಕಿ ಸುಮ್ಮನಾಗುವವರೇ ಹೆಚ್ಚು. ಒಳ್ಳೆಯ ಬಾಡಿ, ಸಾಧಾರಣ ಲೆನ್ಸ್: ಮೊದಲ ಕ್ಯಾಮೆರಾ ಕೊಳ್ಳುವವರ ಹಣ ವ್ಯರ್ಥವಾಗುವ ಹಾದಿಗಳಲ್ಲಿ ನಾನು ಅತಿ ಹೆಚ್ಚು ಕಾಣುವುದು ಇದನ್ನೇ.

ಹಾಗಾಗಿ ನೀವು ಬರೆದ ಎರಡು ದಾರಿಗಳ ಜೊತೆ ಮೂರನೆಯದೊಂದನ್ನು ಸೇರಿಸುತ್ತೇನೆ. ನಿಮ್ಮ ಕಣ್ಣಿಗೆ ಬಿದ್ದಿರುವ ಮೇಲ್ದರ್ಜೆಯ ಬಾಡಿಗಿಂತ ಒಂದು ಮೆಟ್ಟಿಲು ಕೆಳಗಿನದನ್ನು ರಿಫರ್ಬಿಶ್ಡ್ ಆಗಿ ಕೊಳ್ಳಿ, ಉಳಿಯುವ ಹಣವನ್ನು ಪೂರ್ತಿ ಲೆನ್ಸ್‌ಗೆ ಹಾಕಿ. ಆದರೆ ಇದಕ್ಕೆ ಮೂರು ಷರತ್ತುಗಳಿವೆ. ರಿಫರ್ಬಿಶ್ ಮಾಡಿದ್ದು ಆ ಕ್ಯಾಮೆರಾ ಕಂಪನಿಯೇ ಆಗಿರಬೇಕು, ಇಲ್ಲವೇ ಬರಹದಲ್ಲಿ ವಾರಂಟಿ ಕೊಡುವ ನಂಬಿಕಸ್ಥ ಮಾರಾಟಗಾರರಾಗಿರಬೇಕು. ಬೆಲೆ ಹೊಸದಕ್ಕಿಂತ ಕಾಲು ಭಾಗದಷ್ಟಾದರೂ ಕಡಿಮೆಯಿರಬೇಕು. ನಿಮ್ಮ ಕೆಲಸಕ್ಕೆ ಬೇಕಾದ ಫೋಕಸ್ ಸಾಮರ್ಥ್ಯ ಆ ತಲೆಮಾರಿನ ಬಾಡಿಯಲ್ಲಿ ಇರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಹೊಸದೇ ಮೇಲು.

ಮೊದಲ ಷರತ್ತಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಿಮ್ಮ ಭಯಕ್ಕೆ ಉತ್ತರ ಇರುವುದು ಅಲ್ಲಿ. ‘ರಿಫರ್ಬಿಶ್ಡ್’ ಎಂಬ ಒಂದೇ ಚೀಟಿ ಅಂಟಿಸಿಕೊಂಡು ತೀರಾ ಬೇರೆ ಬೇರೆ ಬಗೆಯ ವಸ್ತುಗಳು ಮಾರಾಟಕ್ಕೆ ಬರುತ್ತವೆ. ಕಂಪನಿಯೇ ರಿಫರ್ಬಿಶ್ ಮಾಡಿದ ಕ್ಯಾಮೆರಾಗಳಲ್ಲಿ ಒಂದಷ್ಟು, ಯಾರೋ ಕೊಂಡು ಮನಸ್ಸು ಬದಲಿಸಿ ಕೆಲವೇ ದಿನಗಳಲ್ಲಿ ಹಿಂದಿರುಗಿಸಿದವು. ಇನ್ನೊಂದಷ್ಟು ಅಂಗಡಿಯಲ್ಲಿ ನೋಡಲು ಇಟ್ಟವು, ಪರೀಕ್ಷೆಗೆಂದು ಪತ್ರಕರ್ತರಿಗೋ ಛಾಯಾಗ್ರಾಹಕರಿಗೋ ಕೊಟ್ಟು ವಾಪಸು ಪಡೆದವು, ಸಾಗಣೆಯಲ್ಲಿ ಡಬ್ಬ ಜಜ್ಜಿಹೋದವು. ಉಳಿದವು ನಿಜವಾಗಿಯೂ ಕೆಟ್ಟು, ರಿಪೇರಿಯಾಗಿ ಬಂದವು. ಯಾವ ಕಾರಣಕ್ಕೆ ಬಂದಿದ್ದರೂ ಅದು ಕಂಪನಿಯ ಸರ್ವಿಸ್ ಬೆಂಚಿನ ಮೇಲೆ ಕೂರುತ್ತದೆ. ಅಲ್ಲಿ ಅಸಲಿ ಬಿಡಿಭಾಗಗಳಿವೆ, ಫೋಕಸ್ ಹೊಂದಿಸುವ ಉಪಕರಣಗಳಿವೆ, ಹೊಸ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ತಂತ್ರಾಂಶ) ಇದೆ. ಕೊನೆಗೆ ಕಂಪನಿಯೇ ವಾರಂಟಿ ಬರೆದುಕೊಡುತ್ತದೆ. ಆ ವಾರಂಟಿಯ ಅವಧಿ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ: ಕೆಲವು ಮೂರು ತಿಂಗಳು ಕೊಡುತ್ತವೆ, ಕೆಲವು ಹೊಸದರಷ್ಟೇ ಒಂದು ವರ್ಷ ಕೊಡುತ್ತವೆ. ಒಂದು ವರ್ಷದ್ದಾದರೆ ನನ್ನ ಮಟ್ಟಿಗೆ ಅದಕ್ಕೂ ಹೊಸದಕ್ಕೂ ವ್ಯತ್ಯಾಸ ಡಬ್ಬದ್ದು ಮಾತ್ರ.

ಎರಡನೆಯ ಬಗೆ ಮಾರಾಟಗಾರರೇ ‘ರಿಫರ್ಬಿಶ್’ ಮಾಡಿದ್ದು. ಇದರ ಅರ್ಥ ಹಲವು ಬಾರಿ ಇಷ್ಟೇ: ಹಳೆಯ ಕ್ಯಾಮೆರಾ ಕೊಂಡರು, ಒರೆಸಿದರು, ಆನ್ ಮಾಡಿ ಎರಡು ಫೋಟೊ ತೆಗೆದು ನೋಡಿದರು, ಪಟ್ಟಿಗೆ ಹಾಕಿದರು. ಎಲ್ಲರೂ ಹೀಗೆ ಎನ್ನುತ್ತಿಲ್ಲ. ಹಳೆ ಕ್ಯಾಮೆರಾಗಳನ್ನೇ ವರ್ಷಗಟ್ಟಲೆ ವ್ಯಾಪಾರ ಮಾಡಿಕೊಂಡು, ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಫಲಕ) ತೊಳೆದು, ಶಟರ್ ಕೌಂಟ್ ಬರೆದು, ಆರು ತಿಂಗಳ ವಾರಂಟಿ ಕೊಡುವ ಶಿಸ್ತಿನ ಅಂಗಡಿಗಳೂ ಇವೆ. ಆದರೆ ‘ಎಕ್ಸಲೆಂಟ್’, ‘ಎ ಪ್ಲಸ್’, ‘ಲೈಕ್ ನ್ಯೂ’ ಮುಂತಾದ ದರ್ಜೆಗಳಿಗೆ ಎಲ್ಲರೂ ಒಪ್ಪಿದ ಅಳತೆಗೋಲು ಯಾವುದೂ ಇಲ್ಲ. ಒಬ್ಬರ ‘ಎ’ ಇನ್ನೊಬ್ಬರ ‘ಬಿ’. ದರ್ಜೆಯ ಪದ ಬಿಟ್ಟು, ಆ ಬಾಡಿಯದ್ದೇ ಫೋಟೊಗಳು, ಶಟರ್ ಕೌಂಟ್, ಹಿಂದಿರುಗಿಸುವ ಅವಧಿ, ವಾರಂಟಿ ಪತ್ರ ಇವನ್ನು ಕೇಳಿ. ಏನೇನು ಬದಲಿಸಿದಿರಿ ಎಂದೂ ಕೇಳಿ. ನೇರ ಉತ್ತರ ಬಂದರೆ ಒಳ್ಳೆಯ ಲಕ್ಷಣ. ‘ಎಲ್ಲಾ ಚೆಕ್ ಮಾಡಿದೀವಿ ಸರ್’ ಎನ್ನುವುದು ಉತ್ತರವಲ್ಲ.

ಇವೆರಡರ ನಡುವೆ ಇನ್ನೊಂದು ಬಗೆ ನುಸುಳುತ್ತದೆ, ಅದು ರಿಫರ್ಬಿಶ್ಡ್ ಅಲ್ಲವೇ ಅಲ್ಲ: ಗ್ರೇ ಮಾರ್ಕೆಟ್‌ನ ಹೊಸ ಕ್ಯಾಮೆರಾ. ಬೇರೊಂದು ದೇಶದ ಮಾರುಕಟ್ಟೆಗೆಂದು ತಯಾರಾದದ್ದನ್ನು ಅಧಿಕೃತವಲ್ಲದ ದಾರಿಯಿಂದ ತಂದು ಮಾರುವುದು. ಸೀಲ್ ಒಡೆಯದ ಡಬ್ಬ, ಹೊಚ್ಚ ಹೊಸ ಬಾಡಿ, ಬೆಲೆ ಮಾತ್ರ ಅನುಮಾನ ಬರುವಷ್ಟು ಕಡಿಮೆ. ಅದರಲ್ಲಿ ನಿಮ್ಮ ಊರಿನ ಕಂಪನಿ ವಾರಂಟಿ ಇರುವುದಿಲ್ಲ. ಕೆಲವೆಡೆ ಅಧಿಕೃತ ಸರ್ವಿಸ್ ಕೇಂದ್ರಗಳು ಹಣ ಕೊಡುತ್ತೇನೆಂದರೂ ಅಂಥ ಬಾಡಿಗಳನ್ನು ಮುಟ್ಟುವುದಿಲ್ಲ. ಕಂಪನಿಯ ವಾರಂಟಿ ಇರುವ ರಿಫರ್ಬಿಶ್ಡ್ ಕ್ಯಾಮೆರಾ, ವಾರಂಟಿಯಿಲ್ಲದ ಈ ಹೊಸದಕ್ಕಿಂತ ಎಷ್ಟೋ ಸುರಕ್ಷಿತ. ಹೊಸದು ಎಂದಮಾತ್ರಕ್ಕೆ ನಿಶ್ಚಿಂತೆ ಎನ್ನುವಂತಿಲ್ಲ.

ಎರಡನೆಯ ಷರತ್ತು ಬೆಲೆಯದ್ದು. ಕಾಲು ಭಾಗ ಎಂದದ್ದು ನನ್ನ ಅಂದಾಜಿನ ಗೆರೆ, ಶಾಸನವಲ್ಲ. ಹೊಸದಕ್ಕಿಂತ ಶೇ. 10ರಷ್ಟೇ ಕಡಿಮೆಯಿದ್ದರೆ ಹೊಸದನ್ನೇ ತೆಗೆದುಕೊಳ್ಳಿ. ಪೂರ್ಣ ವಾರಂಟಿ, ಹೊಸ ಬ್ಯಾಟರಿ, ಮುಂದೆ ಮಾರುವಾಗ ‘ಮೊದಲ ಮಾಲೀಕ’ ಎನ್ನುವ ಅನುಕೂಲ, ಇವೆಲ್ಲಕ್ಕೆ ಅಷ್ಟು ಹೆಚ್ಚು ಕೊಡುವುದು ನ್ಯಾಯ. ಹೋಲಿಸುವಾಗ ಡಬ್ಬದ ಮೇಲೆ ಅಚ್ಚಾದ ಬೆಲೆಗೆ ಹೋಲಿಸಬೇಡಿ, ಇವತ್ತು ಹೊಸದು ನಿಜವಾಗಿ ಎಷ್ಟಕ್ಕೆ ಸಿಗುತ್ತದೋ ಅದಕ್ಕೆ ಹೋಲಿಸಿ. ಮುಂದಿನ ಮಾಡೆಲ್ ಪ್ರಕಟವಾದ ಕೂಡಲೇ ಹಿಂದಿನ ಮಾಡೆಲ್‌ನ ಹೊಸ ಬಾಡಿಗಳ ಬೆಲೆ ಇಳಿಯುತ್ತದೆ. ಕೆಲವು ವಾರ ಹೊಸದೇ ರಿಫರ್ಬಿಶ್ಡ್ ಬೆಲೆಗೆ ಬರುವುದೂ ಉಂಟು. ರಿಫರ್ಬಿಶ್ಡ್‌ಗೆ ಹೆಚ್ಚುವರಿ ಬ್ಯಾಟರಿ ಬೇಕಾದರೆ ಅದರ ಬೆಲೆಯನ್ನೂ ಕೂಡಿಸಿ ನೋಡಿ.

ಈಗ ಲೆನ್ಸ್ ವಿಷಯ. ಇದನ್ನು ನಾನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಎನ್ನುವುದಕ್ಕೆ ಲೆಕ್ಕವೇ ಇದೆ. ಮನೆಯೊಳಗಿನ ಸಮಾರಂಭದಲ್ಲಿ ನಿಮ್ಮ ಶತ್ರು ಬೆಳಕಿನ ಕೊರತೆ. ಸಾಮಾನ್ಯ ಕಿಟ್ ಲೆನ್ಸನ್ನು ಪೂರ್ತಿ ಜೂಮ್ ಮಾಡಿದರೆ ಅದರ ಕಿಂಡಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಈ ಸಂಖ್ಯೆ ಸಣ್ಣದಾದಷ್ಟೂ ಕಿಂಡಿ ದೊಡ್ಡದು). ಎಫ್/1.8ರ ಒಂದು ಪ್ರೈಮ್ (ಜೂಮ್ ಇಲ್ಲದ) ಲೆನ್ಸ್ ಹಾಕಿದರೆ ಅದೇ ಸಮಯದಲ್ಲಿ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಕಿಟ್ ಲೆನ್ಸ್‌ನಲ್ಲಿ ಐಎಸ್‌ಒ (ಚಿತ್ರವನ್ನು ಕ್ಯಾಮೆರಾ ಎಷ್ಟು ಬೆಳಗಿಸುತ್ತದೆ ಎನ್ನುವ ಅಳತೆ, ಹೆಚ್ಚಿಸಿದಷ್ಟೂ ಚಿತ್ರ ಕಾಳುಕಾಳಾಗುತ್ತದೆ) 6400 ಬೇಕಾದ ಕಡೆ ಇಲ್ಲಿ 640 ಸಾಕು. ಬಾಡಿ ಬದಲಿಸಿ ಇದೇ ಲಾಭ ಪಡೆಯಲು ಹೊರಟರೆ? ಎಪಿಎಸ್-ಸಿ ಎಂಬ ಸಣ್ಣ ಸೆನ್ಸರ್‌ನಿಂದ ಫುಲ್ ಫ್ರೇಮ್ ಎಂಬ ದೊಡ್ಡದಕ್ಕೆ ಹೋದರೂ ಸೆನ್ಸರ್‌ನ ವಿಸ್ತೀರ್ಣ ಹೆಚ್ಚುವುದು ಎರಡೂಕಾಲು ಪಟ್ಟಿನ ಆಸುಪಾಸು. ಮೇಲ್ದರ್ಜೆಯ ಬಾಡಿಗೆ ಸುರಿಯುವ ಹಣದ ಒಂದು ಸಣ್ಣ ಪಾಲಿಗೆ ಎಫ್/1.8 ಲೆನ್ಸ್ ಬರುತ್ತದೆ. ಓಡಾಡುವ ಮಗುವಿನ ಮುಖ ಚುರುಕಾಗಿ, ಮಂಕಿಲ್ಲದೆ ಬರಬೇಕಾದರೆ ಆ ಲೆನ್ಸ್ ಮಾಡುವ ಸಹಾಯವನ್ನು ಬಾಡಿಯ ದರ್ಜೆ ಮಾಡಲಾರದು.

ಮೆಗಾಪಿಕ್ಸೆಲ್ ಬಗ್ಗೆ ಒಂದೇ ಮಾತು. 24 ಮೆಗಾಪಿಕ್ಸೆಲ್ ಅಂದರೆ ಸಾಮಾನ್ಯವಾಗಿ ಅಡ್ಡಕ್ಕೆ 6000, ಉದ್ದಕ್ಕೆ 4000 ಪಿಕ್ಸೆಲ್ (ಚಿತ್ರದ ಚುಕ್ಕೆಗಳು). ಇಂಚಿಗೆ 300 ಚುಕ್ಕೆಯಂತೆ ಅಚ್ಚು ಹಾಕಿದರೆ 20 ಇಂಚು ಅಗಲದ ಚಿತ್ರ. ನಿಮಗೆ ಅದು ಧಾರಾಳ. ಹತ್ತು ವರ್ಷ ಹಿಂದಿನ ಒಳ್ಳೆಯ ಬಾಡಿಗಳಲ್ಲೂ ಇಷ್ಟು ಇದೆ, ಹಾಗಾಗಿ ಚಿತ್ರದ ಗುಣಮಟ್ಟಕ್ಕಾಗಿ ಹೊಸ ಮಾಡೆಲ್ ಬೇಕೇ ಬೇಕು ಎನ್ನುವ ವಾದದಲ್ಲಿ ಹುರುಳು ಕಡಿಮೆ.

ಹಳೆಯದು ನಿಜವಾಗಿಯೂ ಹಿಂದೆ ಬೀಳುವುದು ಫೋಕಸ್‌ನಲ್ಲಿ. ನೀವು ಹಕ್ಕಿ ಎಂದು ಬರೆದಿರುವುದರಿಂದ ಮೂರನೆಯ ಷರತ್ತು ನಿಮಗೆ ಗಂಭೀರವಾದದ್ದು. ಹಕ್ಕಿಯನ್ನು ತಾನೇ ಗುರುತಿಸಿ ಅದರ ತಲೆಗೋ ಕಣ್ಣಿಗೋ ಫೋಕಸ್ ಕೂರಿಸುವ ವಿದ್ಯೆ ಕ್ಯಾಮೆರಾಗಳಿಗೆ ಬಂದು ಬಹಳ ಕಾಲವಾಗಿಲ್ಲ. ಕ್ಯಾನನ್‌ನಲ್ಲಿ 2020ರ ಆರ್5, ಆರ್6 ಬಾಡಿಗಳೊಂದಿಗೆ, ಸೋನಿಯಲ್ಲಿ 2021ರ ಎ1 ಬಾಡಿಯೊಂದಿಗೆ ಅದು ಬಂತು. ಆಮೇಲೆ ಕೆಳಗಿನ ದರ್ಜೆಗಳಿಗೂ ಇಳಿಯಿತು. 2023ರ ಕ್ಯಾನನ್ ಆರ್50, 2024ರ ನಿಕಾನ್ ಝಡ್50 ಎರಡನೇ ಆವೃತ್ತಿ, ಎರಡೂ ಆರಂಭಿಕರಿಗೆಂದೇ ಮಾಡಿದ ಸಣ್ಣ ಬಾಡಿಗಳು, ಎರಡಕ್ಕೂ ಹಕ್ಕಿ ಗುರುತಿಸುವುದು ಗೊತ್ತು. 2018ರ ಮೇಲ್ದರ್ಜೆಯ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಬಾಡಿಯೊಂದು ಗಟ್ಟಿತನ, ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ), ಒಳಗಿನ ಸ್ಟೆಬಿಲೈಸೇಶನ್ (ಕೈ ನಡುಗಿದರೂ ಚಿತ್ರ ಅಲುಗದಂತೆ ಸೆನ್ಸರನ್ನು ತೇಲಿಸುವ ವ್ಯವಸ್ಥೆ) ಎಲ್ಲದರಲ್ಲೂ ಇವನ್ನು ಮೀರಿಸಬಹುದು. ಆದರೆ ಕೊಂಬೆಯಿಂದ ಹಾರುವ ಹಕ್ಕಿಯ ಮುಂದೆ ಇದರಲ್ಲಿ ಫೋಕಸ್ ಚೌಕಟ್ಟನ್ನು ನೀವೇ ಹಿಡಿದು ಓಡಿಸಬೇಕು. ಹೊಸಬರಿಗೆ ಅದು ಕಷ್ಟ. ಅಭ್ಯಾಸ ಮಾಡಿದರೆ ಬರುತ್ತದೆ, ಈ ಅನುಕೂಲಗಳಿಲ್ಲದ ಕಾಲದಲ್ಲೂ ಜನ ಅದ್ಭುತ ಹಕ್ಕಿ ಚಿತ್ರ ತೆಗೆದಿದ್ದಾರೆ. ಆ ಅಭ್ಯಾಸಕ್ಕೆ ಸಮಯ ಇದೆಯೇ ಎನ್ನುವುದು ನಿಮಗೇ ಗೊತ್ತು.

ಮಕ್ಕಳ ವಿಷಯದಲ್ಲಿ ಇಷ್ಟು ಚಿಂತೆ ಬೇಡ. ಮನುಷ್ಯರ ಮುಖ, ಕಣ್ಣು ಹುಡುಕುವ ಫೋಕಸ್ ಇದಕ್ಕಿಂತ ಮೊದಲೇ ಪಕ್ವವಾಗಿದೆ. ಹಕ್ಕಿಯೇ ಮುಖ್ಯವಾದರೆ 2020ರ ನಂತರದ ತಲೆಮಾರು, ಅದು ರಿಫರ್ಬಿಶ್ಡ್ ಆದರೂ ಸರಿ, ಹೊಸದಾದರೂ ಸರಿ. ಮಕ್ಕಳು ಮುಖ್ಯ, ಹಕ್ಕಿ ಹವ್ಯಾಸ ಮಾತ್ರ ಎಂದಾದರೆ ಒಂದು ತಲೆಮಾರು ಹಿಂದಿನ ರಿಫರ್ಬಿಶ್ಡ್ ಸಾಕು.

ಅಗ್ಗದ ಬಾಡಿ ಕಂಡಾಗ ಅದರ ಮೌಂಟ್ (ಲೆನ್ಸ್ ಕೂರುವ ಜೋಡಣೆಯ ಬಗೆ) ಯಾವುದು, ಆ ಮೌಂಟ್‌ಗೆ ಇನ್ನೂ ಲೆನ್ಸ್ ಬರುತ್ತಿದೆಯೇ ಎಂದು ತಪ್ಪದೆ ನೋಡಿ. ಸ್ಯಾಮ್‌ಸಂಗ್‌ನ ಎನ್‌ಎಕ್ಸ್, ನಿಕಾನ್‌ನ 1 ಸರಣಿ, ಕ್ಯಾನನ್‌ನ ಇಎಫ್-ಎಂ, ಈ ಮೂರೂ ಒಂದು ಕಾಲಕ್ಕೆ ಮಾರುಕಟ್ಟೆಯಲ್ಲಿದ್ದು ಈಗ ನಿಂತುಹೋದ ವ್ಯವಸ್ಥೆಗಳು. ಆ ಬಾಡಿಗಳು ಕೆಟ್ಟವಲ್ಲ, ಅದಕ್ಕೇ ಅವುಗಳ ಬೆಲೆ ಮನಸ್ಸು ಕೆಡಿಸುತ್ತದೆ. ಆದರೆ ಎರಡನೆಯ ಲೆನ್ಸ್ ಬೇಕೆನಿಸಿದ ದಿನ ಹಳೆಯ ಲೆನ್ಸ್‌ಗಳಿಗಾಗಿ ಅಲೆಯಬೇಕು. ಒಂದೇ ಕಿಟ್ ಲೆನ್ಸ್‌ನಲ್ಲಿ ಕಡೆಯವರೆಗೂ ತೃಪ್ತಿಯಾಗಿರುತ್ತೇನೆ ಎನ್ನುವವರಿಗೆ ಮಾತ್ರ ಅದು ಸರಿ, ನೀವು ಹಾಗಲ್ಲ.

ಒಳಗೆ ಕನ್ನಡಿಯಿರುವ ಹಳೆಯ ಬಗೆಯ ಕ್ಯಾಮೆರಾ, ಅಂದರೆ ಡಿಎಸ್‌ಎಲ್‌ಆರ್ ವಿಷಯ ಬೇರೆ. ಕ್ಯಾನನ್, ನಿಕಾನ್ ಎರಡೂ 2020ರ ನಂತರ ಹೊಸ ಡಿಎಸ್‌ಎಲ್‌ಆರ್ ಬಾಡಿ ತಂದಿಲ್ಲ. ಹಾಗಿದ್ದರೂ ಕ್ಯಾನನ್‌ನ ಇಎಫ್ ಮೌಂಟ್ 1987ರಿಂದ, ನಿಕಾನ್‌ನ ಎಫ್ ಮೌಂಟ್ 1959ರಿಂದ ಬಂದಿರುವುದರಿಂದ ಸೆಕೆಂಡ್ ಹ್ಯಾಂಡ್ ಲೆನ್ಸ್‌ಗಳ ರಾಶಿಯೇ ಇದೆ, ಅಡಾಪ್ಟರ್ ಹಾಕಿ ಅವನ್ನು ಮುಂದೆ ಮಿರರ್‌ಲೆಸ್‌ಗೂ ಒಯ್ಯಬಹುದು. ನಿಕಾನ್‌ನಲ್ಲಿ ಒಂದು ಎಚ್ಚರ: ಒಳಗೆ ಮೋಟಾರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್‌ಗಳು ನಿಕಾನ್‌ನದೇ ಎಫ್‌ಟಿಝಡ್ ಅಡಾಪ್ಟರ್ ಮೇಲೆ ಆಟೋಫೋಕಸ್ ಮಾಡುವುದಿಲ್ಲ. ಹಣ ತೀರಾ ಬಿಗಿಯಿದ್ದರೆ ರಿಫರ್ಬಿಶ್ಡ್ ಡಿಎಸ್‌ಎಲ್‌ಆರ್ ಜೊತೆ ಎರಡು ಒಳ್ಳೆಯ ಲೆನ್ಸ್, ಇಂದಿಗೂ ನಾನು ಮುಜುಗರವಿಲ್ಲದೆ ಹೇಳುವ ಸಲಹೆ. ಹೊಸಬರು ಮಾತ್ರ ಮಿರರ್‌ಲೆಸ್ ಕಡೆಗೇ ವಾಲುವುದು ಮೇಲು, ಯಾಕೆಂದರೆ ಮುಂದಿನ ಲೆನ್ಸ್‌ಗಳೆಲ್ಲ ಬರುವುದು ಅಲ್ಲಿಗೇ.

ನೀವು ಕೇಳಿದ ಶಟರ್ ಕೌಂಟ್‌ಗೆ ಬರುತ್ತೇನೆ. ಇದನ್ನು ಹಳೆ ಗಾಡಿಯ ಕಿಲೋಮೀಟರ್ ಮೀಟರಿನ ಹಾಗೆ ಓದಿ, ಅದಕ್ಕಿಂತ ಹೆಚ್ಚಲ್ಲ. ಕಂಪನಿಗಳು ಶಟರ್ ಘಟಕವನ್ನು ಇಷ್ಟು ಸಲ ಬಡಿಯುವವರೆಗೆ ಪರೀಕ್ಷಿಸಿದ್ದೇವೆ ಎಂದು ಹೇಳಿಕೊಳ್ಳುತ್ತವೆ: ಕ್ಯಾನನ್ 5ಡಿ ಮಾರ್ಕ್ 4, ನಿಕಾನ್ ಡಿ7500 ಬಾಡಿಗಳಿಗೆ 1,50,000, ನಿಕಾನ್ ಡಿ850, ಸೋನಿ ಎ7 3ನೇ ಆವೃತ್ತಿಗೆ 2,00,000, ವೃತ್ತಿಪರರ ನಿಕಾನ್ ಡಿ5ಗೆ 4,00,000. ಈ ಸಂಖ್ಯೆ ಗ್ಯಾರಂಟಿಯಲ್ಲ. ಅರ್ಧದಲ್ಲೇ ಕೈಕೊಟ್ಟ ಶಟರ್‌ಗಳೂ ಇವೆ, ಎರಡು ಪಟ್ಟು ಓಡಿದವೂ ಇವೆ. ನಾನು ಇಟ್ಟುಕೊಂಡಿರುವ ನಿಯಮ, ಆ ಮಾಡೆಲ್‌ಗೆ ಕಂಪನಿ ಹೇಳಿದ ಸಂಖ್ಯೆಯ ಮೂರನೇ ಒಂದು ಭಾಗದೊಳಗಿದ್ದರೆ ನಿಶ್ಚಿಂತೆ, ಅರ್ಧದವರೆಗೆ ಬೆಲೆ ಸರಿಯಿದ್ದರೆ ಒಪ್ಪಬಹುದು, ಅದರಾಚೆ ಶಟರ್ ಬದಲಿಸುವ ಖರ್ಚನ್ನು ಬೆಲೆಯಿಂದ ಕಳೆದು ಮಾತಾಡಬೇಕು. ಶಟರ್ ಬದಲಿಸಬಹುದಾದ ಭಾಗ, ಅದು ಹೋದರೆ ಕ್ಯಾಮೆರಾವೇ ಹೋದಂತಲ್ಲ ಎನ್ನುವುದೂ ನೆನಪಿರಲಿ.

ಸಂಖ್ಯೆಯನ್ನು ಓದುವ ವಿಧಾನ ಬ್ರ್ಯಾಂಡ್‌ನಿಂದ ಬ್ರ್ಯಾಂಡ್‌ಗೆ ಬೇರೆ. ನಿಕಾನ್ ಕ್ಯಾಮೆರಾಗಳು ಪ್ರತಿ ಫೋಟೊದ ಎಕ್ಸಿಫ್ ಮಾಹಿತಿಯಲ್ಲೇ (ಫೈಲಿನೊಳಗೆ ಕ್ಯಾಮೆರಾ ಬರೆದಿಡುವ ವಿವರ) ಇದನ್ನು ಬರೆದಿಡುತ್ತವೆ. ಮಾರುವವರಿಂದ ಈಗಷ್ಟೇ ತೆಗೆದ ಮೂಲ ಫೈಲ್ ತರಿಸಿಕೊಂಡರೆ ಸಾಕು, ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಬಂದದ್ದರಲ್ಲಿ ಆ ಮಾಹಿತಿ ಉಳಿದಿರುವುದಿಲ್ಲ. ಕ್ಯಾನನ್‌ನ ಬಹುತೇಕ ಬಾಡಿಗಳಲ್ಲಿ ಕೇಬಲ್ ಸಿಕ್ಕಿಸಿ ಕಂಪ್ಯೂಟರಿನ ತಂತ್ರಾಂಶದಿಂದ ಓದಬೇಕು. ಮಿರರ್‌ಲೆಸ್‌ಗಳಲ್ಲಿ ಎಲೆಕ್ಟ್ರಾನಿಕ್ ಶಟರ್ ಬಳಸಿ ತೆಗೆದ ಚಿತ್ರಗಳು ಶಟರನ್ನು ಸವೆಸುವುದೇ ಇಲ್ಲ. ನಿಕಾನ್ ಝಡ್9, ಝಡ್8 ಬಾಡಿಗಳಲ್ಲಂತೂ ಯಾಂತ್ರಿಕ ಶಟರೇ ಇಲ್ಲ, ಅಲ್ಲಿ ಈ ಪ್ರಶ್ನೆಗೇ ಅರ್ಥವಿಲ್ಲ. ಇನ್ನು ಗಂಟೆಗಟ್ಟಲೆ ವಿಡಿಯೊ ತೆಗೆದ ಬಾಡಿಯ ಶಟರ್ ಕೌಂಟ್ ಕಡಿಮೆ ಇರಬಹುದು, ದುಡಿದದ್ದು ಮಾತ್ರ ಕಡಿಮೆಯಲ್ಲ. ಆದ್ದರಿಂದ ಸಂಖ್ಯೆಯ ಜೊತೆ ಮೈಯನ್ನೂ ಓದಬೇಕು. ಫ್ಲ್ಯಾಶ್ ಸಿಕ್ಕಿಸುವ ಹಾಟ್ ಶೂನ ಬಣ್ಣ ಕೆತ್ತಿಹೋಗಿದೆಯೇ? ಅದು ಮದುವೆ, ಸಮಾರಂಭಗಳಲ್ಲಿ ದುಡಿದದ್ದು. ಟ್ರೈಪಾಡ್ ಕಚ್ಚುವ ತಳ ಸವೆದಿದೆಯೇ, ಲೆನ್ಸ್ ಮೌಂಟಿನ ಲೋಹದ ಉಂಗುರ ತಿಕ್ಕಿದೆಯೇ? ತಿರುಪುಗಳ ತಲೆ ಹರಿದಿದ್ದರೆ ಯಾರೋ ಬಿಚ್ಚಿದ್ದಾರೆ ಎಂದರ್ಥ. ಬ್ಯಾಟರಿ ಗೂಡು, ಕಾರ್ಡ್ ಗೂಡುಗಳೊಳಗೆ ಟಾರ್ಚ್ ಬಿಟ್ಟು ನೋಡಿ. ಹಸಿರೋ ಬಿಳಿಯೋ ಪುಡಿ ಅಂಟಿದ್ದರೆ ನೀರು ಹೋಗಿದೆ. ನೀರು ಕುಡಿದ ಕ್ಯಾಮೆರಾವನ್ನು ಎಷ್ಟು ಅಗ್ಗವಾದರೂ ಮುಟ್ಟಬೇಡಿ, ಅದರ ತೊಂದರೆ ತಿಂಗಳುಗಳ ಮೇಲೆ ಒಂದೊಂದಾಗಿ ತಲೆಯೆತ್ತುತ್ತದೆ.

ಮಾಡೆಲ್ ಗೊತ್ತಾದ ಮೇಲೆ ಅದರ ಚರಿತ್ರೆಯನ್ನೂ ಹುಡುಕಿ. 2012ರಲ್ಲಿ ಬಂದ ನಿಕಾನ್ ಡಿ600 ಬಾಡಿಗಳಲ್ಲಿ ಸೆನ್ಸರ್ ಮೇಲೆ ಮತ್ತೆ ಮತ್ತೆ ಚುಕ್ಕೆ ಬೀಳುವ ದೂರು ಎಷ್ಟು ಬಂತೆಂದರೆ, 2014ರಲ್ಲಿ ಕಂಪನಿ ವಾರಂಟಿ ಮುಗಿದವಕ್ಕೂ ಉಚಿತವಾಗಿ ಶಟರ್ ಬದಲಿಸಿಕೊಡುವುದಾಗಿ ಹೇಳಿತು. ಡಿ750ರ ಕೆಲವು ಬಾಡಿಗಳ ಶಟರ್ ದೋಷಕ್ಕೂ ಉಚಿತ ರಿಪೇರಿ ಮಾಡಿಕೊಟ್ಟಿತು. ಇಂಥ ಮಾಡೆಲ್‌ಗಳನ್ನು ದೂರವಿಡಬೇಕಾಗಿಲ್ಲ, ಸರಿಪಡಿಸಿದ್ದೇ ಎಂದು ಖಚಿತವಾದರೆ ಅವು ಒಳ್ಳೆಯ ಬೆಲೆಯ ಒಳ್ಳೆಯ ಕ್ಯಾಮೆರಾಗಳು. ಕಂಪನಿಯೇ ರಿಫರ್ಬಿಶ್ ಮಾಡಿದ್ದರಲ್ಲಿ ಈ ಕೆಲಸ ಆಗಿರುವ ಸಂಭವ ಹೆಚ್ಚು, ಬಿಡಿ ಮಾರಾಟಗಾರರ ಬಳಿ ಕೇಳಿಯೇ ತಿಳಿಯಬೇಕು.

ಬ್ಯಾಟರಿಗೆ ಹೆದರಬೇಕಿಲ್ಲ, ಆದರೆ ನೋಡಬೇಕು. ನಿಕಾನ್‌ನ ಹಲವು ಬಾಡಿಗಳು ಮೆನುವಿನಲ್ಲಿ ಬ್ಯಾಟರಿಯ ವಯಸ್ಸನ್ನು 0ಯಿಂದ 4ರವರೆಗೆ ತೋರಿಸುತ್ತವೆ, 4 ಅಂದರೆ ಮುಗಿಯಿತು. ಕ್ಯಾನನ್‌ನ ಮಧ್ಯಮ, ಮೇಲಿನ ದರ್ಜೆಯ ಬಾಡಿಗಳಲ್ಲಿ ಮೂರು ಹಸಿರು ಚೌಕಗಳಿದ್ದರೆ ಆರೋಗ್ಯವಾಗಿದೆ. ಬ್ಯಾಟರಿ ಹಳೆಯದಾಗಿದ್ದರೆ ಅಸಲಿ ಬ್ಯಾಟರಿಯನ್ನೇ ಕೊಳ್ಳಿ. ನಕಲಿ ಬ್ಯಾಟರಿ ಉಬ್ಬಿ ಗೂಡಿನೊಳಗೆ ಸಿಕ್ಕಿಕೊಂಡರೆ ಉಳಿಸಿದ್ದೆಲ್ಲ ಅಲ್ಲಿಗೇ ಹೋಗುತ್ತದೆ.

ಕೆಲವು ಸಂದರ್ಭಗಳಲ್ಲಿ ನಾನು ಚರ್ಚೆಯಿಲ್ಲದೆ ಹೊಸದನ್ನೇ ಹೇಳುತ್ತೇನೆ. ಜೇಬಿನ ಸಣ್ಣ ಕಾಂಪ್ಯಾಕ್ಟ್ ಕ್ಯಾಮೆರಾಗಳಲ್ಲಿ ಒಳಗೆ ಹೊರಗೆ ಸರಿಯುವ ಲೆನ್ಸ್ ಬಹಳ ನಾಜೂಕು, ಸೆನ್ಸರ್‌ಗೆ ಧೂಳು ಹೊಕ್ಕರೆ ಬಿಚ್ಚದೆ ತೆಗೆಯಲಾಗದು. ನೀರೊಳಗಿನ ಕ್ಯಾಮೆರಾಗಳ ರಬ್ಬರ್ ಸೀಲ್ ವಯಸ್ಸಾದಂತೆ ಸಡಿಲವಾಗುತ್ತದೆ. ಈ ಕ್ಯಾಮೆರಾದಿಂದಲೇ ನಾಳೆ ಸಂಪಾದನೆ ಶುರುವಾಗಬೇಕು, ಕೆಟ್ಟರೆ ಬದಲಿ ಬಾಡಿ ಇಲ್ಲ ಎನ್ನುವವರಿಗೂ ದೊಡ್ಡ ವಾರಂಟಿಯೇ ಆಸರೆ. ಲೆನ್ಸ್‌ಗಳು ಇದಕ್ಕೆ ತದ್ವಿರುದ್ಧ: ರಿಫರ್ಬಿಶ್ಡ್ ಆಗಿ ಕೊಳ್ಳಲು ಬಾಡಿಗಿಂತಲೂ ಲೆನ್ಸ್ ಸುರಕ್ಷಿತ. ಒಳ್ಳೆಯ ಲೆನ್ಸ್ ಹತ್ತು ಹದಿನೈದು ವರ್ಷ ಸಲೀಸಾಗಿ ಬಾಳುತ್ತದೆ, ಬೆಲೆಯೂ ಬಾಡಿಯಷ್ಟು ಬೇಗ ಕುಸಿಯುವುದಿಲ್ಲ. ಅದರ ದೊಡ್ಡ ವೈರಿ ತೇವದಲ್ಲಿ ಬೆಳೆಯುವ ಬೂಷ್ಟು. ಕತ್ತಲೆ ಕೋಣೆಯಲ್ಲಿ ಲೆನ್ಸ್‌ನ ಹಿಂದಿನಿಂದ ಓರೆಯಾಗಿ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಬೂಷ್ಟು, ಮಂಜು ಕವಿದಂತೆ ಕಂಡರೆ ಒಳಗಿನ ಗಾಜು ಮಸುಕಾಗಿದೆ. ಎರಡಿದ್ದರೂ ಬೇಡ. ಒಂದೆರಡು ಧೂಳಿನ ಕಣ ಎಲ್ಲ ಲೆನ್ಸ್‌ನಲ್ಲೂ ಇರುತ್ತದೆ, ಚಿತ್ರದಲ್ಲಿ ಕಾಣುವುದಿಲ್ಲ.

ಕೊನೆಯದಾಗಿ, ಕ್ಯಾಮೆರಾ ಮನೆಗೆ ಬಂದ ಮೇಲಿನ ಮೊದಲ ವಾರ. ಹಿಂದಿರುಗಿಸುವ ಅವಧಿಯನ್ನು ನೀವು ಹಣ ಕೊಟ್ಟೇ ಕೊಂಡಿದ್ದೀರಿ, ಅದನ್ನು ಪೂರ್ತಿ ಬಳಸಿ. ಮೊದಲ ದಿನವೇ ಬಾಡಿಯ ಸೀರಿಯಲ್ ನಂಬರ್, ಬಿಲ್ಲಿನಲ್ಲಿರುವ ನಂಬರ್, ವಾರಂಟಿ ಪತ್ರದ ನಂಬರ್ ಮೂರೂ ಒಂದೇ ಎಂದು ತಾಳೆ ನೋಡಿ. ಮೆನುವಿನಲ್ಲಿ ಬೇರೆಯವರ ಹೆಸರು ಹಕ್ಕುಸ್ವಾಮ್ಯದ ಜಾಗದಲ್ಲಿ ಉಳಿದಿದ್ದರೆ, ಪರೀಕ್ಷೆ ಎಷ್ಟು ಶ್ರದ್ಧೆಯಿಂದ ನಡೆದಿದೆ ಎನ್ನುವುದು ಗೊತ್ತಾಗುತ್ತದೆ. ಸೆನ್ಸರ್ ನೋಡಲು ಎಫ್/16ಕ್ಕೆ ಇಟ್ಟು, ಫೋಕಸ್ ಕೆಡಿಸಿ, ಮೋಡವಿಲ್ಲದ ಆಕಾಶವನ್ನೋ ಬಿಳಿ ಗೋಡೆಯನ್ನೋ ತೆಗೆಯಿರಿ. ಮಸುಕು ಚುಕ್ಕೆಗಳಿದ್ದರೆ ಧೂಳು, ತೊಳೆದರೆ ಹೋಗುತ್ತದೆ. ತೊಳೆದ ಮೇಲೂ ಗೀರಿನಂತೆ ಉಳಿದರೆ ಹಿಂದಿರುಗಿಸಿ. ಆಮೇಲೆ ಮುಚ್ಚಳ ಹಾಕಿ 1/60 ಸೆಕೆಂಡಿನ ಒಂದು ಫೋಟೊ, 20 ಸೆಕೆಂಡಿನ ಇನ್ನೊಂದು. ಉದ್ದದ ಎಕ್ಸ್‌ಪೋಶರ್‌ನಲ್ಲಿ ಅಲ್ಲಲ್ಲಿ ಮಿನುಗುವ ಪಿಕ್ಸೆಲ್ ಬರುವುದು ಸಹಜ. 1/60ರಲ್ಲೇ ಬಣ್ಣದ ಚುಕ್ಕೆ ಉರಿಯುತ್ತಿದ್ದರೆ ಮೆನುವಿನಲ್ಲಿ ಪಿಕ್ಸೆಲ್ ಮ್ಯಾಪಿಂಗ್ (ಕೆಟ್ಟ ಪಿಕ್ಸೆಲ್‌ಗಳನ್ನು ಮರೆಮಾಚುವ ಸೌಲಭ್ಯ) ಇದೆಯೇ ನೋಡಿ ಅದನ್ನು ಓಡಿಸಿ, ಆಮೇಲೂ ಉಳಿದರೆ ಮಾರಾಟಗಾರರಿಗೆ ತಿಳಿಸಿ.

ಕೆಲವು ಮಿರರ್‌ಲೆಸ್ ಬಾಡಿಗಳನ್ನು ಆಫ್ ಮಾಡಿ ಅಲುಗಿಸಿದರೆ ಒಳಗೆ ಏನೋ ಕಳಚಿದಂತೆ ಗಡಗಡ ಎನ್ನುತ್ತದೆ. ಅದು ತೇಲುವ ಸೆನ್ಸರ್‌ನ ಸದ್ದು, ಗಾಬರಿ ಬೇಡ. ಆನ್ ಮಾಡಿದ ಮೇಲೂ ವ್ಯೂಫೈಂಡರಿನಲ್ಲಿ ಚಿತ್ರ ನಡುಗುತ್ತಿದ್ದರೆ ಮಾತ್ರ ಸ್ಟೆಬಿಲೈಸೇಶನ್ ಕೆಟ್ಟಿದೆ. ಡಿಎಸ್‌ಎಲ್‌ಆರ್ ಆಗಿದ್ದರೆ ಒಂದು ಅಳತೆಪಟ್ಟಿಯನ್ನು ಓರೆಯಾಗಿಟ್ಟು ಒಂದು ಗೆರೆಗೆ ಫೋಕಸ್ ಮಾಡಿ, ಚುರುಕಾಗಿ ಬಂದದ್ದು ಅದೇ ಗೆರೆಯೋ ಅದರ ಹಿಂದು ಮುಂದಿನದೋ ಎಂದು ನೋಡಿ. ಸೆನ್ಸರಿನ ಮೇಲೇ ಫೋಕಸ್ ಅಳೆಯುವ ಮಿರರ್‌ಲೆಸ್‌ಗಳಲ್ಲಿ ಈ ತೊಂದರೆ ಬರುವುದು ಅಪರೂಪ. ಪ್ರತಿ ಗುಂಡಿ ಒತ್ತಿ, ಪ್ರತಿ ಚಕ್ರ ತಿರುಗಿಸಿ, ಎರಡು ಕಾರ್ಡ್ ಗೂಡಿದ್ದರೆ ಎರಡರಲ್ಲೂ ಬರೆಸಿ, ಅರ್ಧ ಗಂಟೆ ವಿಡಿಯೊ ಓಡಿಸಿ. ಮಕ್ಕಳನ್ನು ಮನೆಯೊಳಗೇ ಓಡಾಡಲು ಬಿಟ್ಟು ಇನ್ನೂರು ಮುನ್ನೂರು ಫೋಟೊ ತೆಗೆಯಿರಿ, ಬೆಳಗ್ಗೆ ಬೇಗ ಎದ್ದು ಒಂದು ದಿನ ಹಕ್ಕಿಗಳ ಹಿಂದೆ ಹೋಗಿ. ಡಬ್ಬ, ಕೊರಳ ಪಟ್ಟಿ, ಪ್ಲಾಸ್ಟಿಕ್ ಚೀಲ ಏನನ್ನೂ ಎಸೆಯಬೇಡಿ. ಅನುಮಾನ ಉಳಿದಿದ್ದರೆ ಕೊನೆಯ ದಿನದವರೆಗೆ ಕಾಯದೆ ಎರಡು ದಿನ ಮೊದಲೇ ಬರಹದಲ್ಲಿ ತಿಳಿಸಿ ಹಿಂದಿರುಗಿಸಿ. ಅದೇ ಮಾಡೆಲ್‌ನ ಇನ್ನೊಂದು ರಿಫರ್ಬಿಶ್ಡ್ ಬಾಡಿ ಸ್ವಲ್ಪ ದಿನಗಳಲ್ಲೇ ಮತ್ತೆ ಪಟ್ಟಿಗೆ ಬರುತ್ತದೆ.